ತಾಮ್ರದ ಮೇಲಿನ ಹೆಬ್ಬೆರಳು

ಮನೆಯಿಂದ,
ಜೂನ್ ೧೪, ಭಾನುವಾರ

ಬಂದರಿನ ಅತಿ ಎತ್ತರದ ಕ್ರೇನಿನ ಚಾಲಕಿಯೂ, ನನಗಿಂತ ಮೊದಲೇ ಹುಟ್ಟಿ ಮನೆಯ ಒಳ್ಳೆಯ ಕಿಟಕಿಯನ್ನು ಆಕ್ರಮಿಸಿಕೊಂಡಿದ್ದವಳೂ ಆದ ಅಕ್ಕನ ದಿವ್ಯ ಸನ್ನಿಧಿಗೆ,

ತಮ್ಮನ ದೀರ್ಘದಂಡ ನಮಸ್ಕಾರಗಳು. ಕುರ್ಚಿಯಲ್ಲಿ ಕೂತೇ ಮಾಡಿದ್ದು, ಭಾವನೆ ಮುಖ್ಯ.

ನಿನ್ನ ಎರಡು ಪತ್ರಗಳಿಗೆ ಉತ್ತರಿಸದೆ ಕೂತಿದ್ದಕ್ಕೆ ಕ್ಷಮೆ ಇರಲಿ. ಮೊದಲನೆಯದಕ್ಕೆ ಸೋಮಾರಿತನ ಕಾರಣ. ಎರಡನೆಯದಕ್ಕೆ, ಮೊದಲನೆಯದಕ್ಕೆ ಬರೆಯಲಿಲ್ಲವಲ್ಲ ಎಂಬ ನಾಚಿಕೆ ಕಾರಣ. ಈ ಕಳೆದ ವಾರದ ವಿಳಂಬಕ್ಕೆ ಮಾತ್ರ ಮರ್ಯಾದಸ್ಥ ಕಾರಣವೊಂದಿದೆ, ಮುಂದೆ ನಿವೇದಿಸುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ. ಅಪ್ಪ ಹೋದ ಮೇಲೆ ಮನೆ ಬಿಕೋ ಅನ್ನುತ್ತದೆ ಎಂದು ರೇಡಿಯೋ ಹಾಕುತ್ತಾಳೆ, ಗದ್ದಲ ಎಂದು ಆರಿಸುತ್ತಾಳೆ, ಮತ್ತೆ ಹಾಕುತ್ತಾಳೆ. ನಾನು ಕೆಲಸಕ್ಕಿರುವ ಕನ್ನಡಕದಂಗಡಿಯ ಯಜಮಾನರಿಗೆ ಈಗ ಅವರದೇ ಕನ್ನಡಕ ಸಾಲದಾಗಿದೆ. ಅಂಗಡಿ ಮಾರುತ್ತಾರಂತೆ. ಗಾಜು ಉಜ್ಜಿ ಉಜ್ಜಿ ಬೆರಳು ಸವೆಸಿಕೊಂಡವನು ನೀನು, ತಿಂಗಳ ಕೊನೆಯೊಳಗೆ ಮುಂಗಡ ತಂದರೆ ನಿನಗೇ ಕೊಡುತ್ತೇನೆ ಎಂದರು. ನನ್ನ ಉಳಿತಾಯವನ್ನು ತೋರಿಸಿದಾಗ ಪಾಪ, ನಗು ತಡೆದುಕೊಳ್ಳಲು ತುಂಬ ಕಷ್ಟಪಟ್ಟರು.

ಆಗ ನೆನಪಾದದ್ದು ಅಪ್ಪನ ನಾಣ್ಯದ ಪೆಟ್ಟಿಗೆ. ಅದನ್ನು ಅಪ್ಪ ನನ್ನ ಹೆಸರಿಗೆ ಬರೆದಿಟ್ಟದ್ದು ನಿನಗೆ ಗೊತ್ತು. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರರ ಸಂಗ್ರಹ ಎಂದರೆ ಸಾಮಾನ್ಯವೇ? ಅವರು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಅಂಗಡಿಯವರೆಲ್ಲ ತಕ್ಕಡಿಯ ತಟ್ಟೆ ಒರೆಸಿಕೊಳ್ಳುತ್ತಿದ್ದರು. ಊಟದ ತಟ್ಟೆಯಲ್ಲಿ ಯಾರಿಗೆ ಒಂದು ಸೌಟು ಹೆಚ್ಚು ಬಿದ್ದಿದೆ ಎಂಬುದು ದೂರದಿಂದಲೇ ಗೊತ್ತಾಗುತ್ತಿದ್ದ ಮನುಷ್ಯ. ನಾನು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದೆ. ಪೆಟ್ಟಿಗೆ ತೆರೆಯುವ ಮೊದಲೇ ಹೊಸ ಅಂಗಡಿಯ ಫಲಕಕ್ಕೆ ಬಣ್ಣ ಆರಿಸಿಬಿಟ್ಟೆ. ಅರಮನೆ ಕೊಳ್ಳುವಷ್ಟು ದುಡ್ಡು ಬರುತ್ತದೆ, ಯಾವ ಕೋಣೆ ಬೇಕೋ ಈಗಲೇ ಹೇಳು ಎಂದು ಅಮ್ಮನಿಗೆ ಘೋಷಿಸಿದೆ. ಅರಮನೆ ಆಮೇಲೆ ಕೊಳ್ಳುವೆಯಂತೆ, ಮೊದಲು ಬಸ್ಸಿಗೆ ನನ್ನಿಂದ ಇಸಕೊಂಡದ್ದು ಕೊಡು ಎಂದಳು.

ಅಪ್ಪ ಹೋಗಿಬರುತ್ತಿದ್ದ ನಾಣ್ಯದಂಗಡಿ ಗಡಿಯಾರದ ರಿಪೇರಿಯಂಗಡಿಯ ಮೇಲೆ, ಕಿರಿದಾದ ಮೆಟ್ಟಿಲ ಕೊನೆಗಿದೆ. ಒಳಗೊಬ್ಬ ಮುದುಕರು. ಅವರ ಒಂದು ಕಣ್ಣು ಸದಾ ಗಾಜಿನ ಹಿಂದೆ ಇರುವುದರಿಂದ ಅವರಿಗೆ ಭೂತಗನ್ನಡಿ ಎಂದು ನಾಮಕರಣ ಮಾಡಿದ್ದೇನೆ. ಹಸಿರು ಬಟ್ಟೆ ಹಾಸಿ, ದೀಪ ತಗ್ಗಿಸಿ, ಒಂದೊಂದನ್ನೇ ತಿರುಗಿಸಿ ನೋಡಿದರು. ನಾನು ಪ್ರತಿಯೊಂದಕ್ಕೂ ಮನಸ್ಸಿನಲ್ಲೇ ಬೆಲೆ ಕಟ್ಟಿದೆ. ಬಹಳ ಹಳೆಯದು ಅಲ್ಲವೇ ಎಂದು ಕೇಳಿದ್ದಕ್ಕೆ ಅವರು ತಲೆ ಎತ್ತದೆ, “ಹಳೇದು ಹೌದಪ್ಪ, ಅಪರೂಪ ಅಲ್ಲ. ಹಳೇದಕ್ಕೆಲ್ಲ ಬೆಲೆ ಬರೋ ಹಾಗಿದ್ರೆ ನನ್ನನ್ನೇ ಮಾರ್ಕೊಂಡು ಹಾಯಾಗಿರ್ತಿದ್ದೆ” ಎಂದರು. ಇಡೀ ಪೆಟ್ಟಿಗೆ ಸೇರಿ ಮನೆಯ ಎರಡು ತಿಂಗಳ ಬಾಡಿಗೆಗೆ ಬಂದು ನಿಂತಿತು. ಬೆಟ್ಟ ಅಗೆದು ಇಲಿ ಹಿಡಿದೆನಲ್ಲ ಎಂದು ಪೆಟ್ಟಿಗೆ ಮುಚ್ಚಹೊರಟೆ.

ಆದರೆ ಅವರು ಒಂದನ್ನು ಪಕ್ಕಕ್ಕೆ ಇಟ್ಟಿದ್ದರು. ನುಣುಪು ಕಾಗದದಲ್ಲಿ ಸುತ್ತಿಟ್ಟಿದ್ದ ತಾಮ್ರದ ನಾಣ್ಯ. ಒಂದೇ ವರ್ಷ ಅಚ್ಚಾಗಿ, ಆಮೇಲೆ ಟಂಕಸಾಲೆಯವರೇ ವಾಪಸು ಕರಗಿಸಿಬಿಟ್ಟ ಜಾತಿಯದಂತೆ. ಉಳಿದಿರುವುದು ಬೆರಳೆಣಿಕೆ. ಇದು ಚೊಕ್ಕಟವಾಗಿದ್ದಿದ್ದರೆ ನಿಮ್ಮ ಕನ್ನಡಕದಂಗಡಿ ಇಡಿಯಾಗಿ ಬರುತ್ತಿತ್ತು, ಈಗ ಮುಂಗಡಕ್ಕೆ ಆಗುತ್ತದೆ ಅಷ್ಟೆ ಎಂದರು. ಏಕೆ ಎಂದರೆ ಯಾರೋ ಅದರ ಮುಖದ ಮೇಲೆ ಬೆರಳಿಟ್ಟಿದ್ದಾರೆ. ಬೆರಳಿನ ಬೆವರು ತಾಮ್ರವನ್ನು ತಿನ್ನುತ್ತದಂತೆ. ವರ್ಷ ಕಳೆದಷ್ಟೂ ಗುರುತು ಒಳಗಿಳಿಯುತ್ತದಂತೆ. ಗಾಜು ನನ್ನ ಕೈಗೆ ಕೊಟ್ಟರು. ರಾಜನ ಕೆನ್ನೆಯ ಮೇಲೆ ಅಚ್ಚುಕಟ್ಟಾಗಿ ಒಂದು ಪುಟ್ಟ ಹೆಬ್ಬೆರಳು.

ಇನ್ನು ಮುಂದಿನದನ್ನು ತಮಾಷೆ ಮಾಡದೆ ಬರೆಯಲು ಪ್ರಯತ್ನಿಸುತ್ತೇನೆ. ಅಭ್ಯಾಸವಿಲ್ಲ, ತಪ್ಪಾದರೆ ತಿದ್ದಿಕೊಂಡು ಓದು.

ಅಪ್ಪ ಆ ನಾಣ್ಯವನ್ನು ಕೊನೆಕೊನೆಗೆ ಅಂಗಡಿಗೆ ಮತ್ತೆಮತ್ತೆ ತರುತ್ತಿದ್ದರಂತೆ. ಮಾರಲಿಕ್ಕಲ್ಲ, ಆ ದೊಡ್ಡ ಗಾಜಿನಡಿ ಇಟ್ಟು ನೋಡಲಿಕ್ಕೆ. ಕಳೆದ ವರ್ಷ ಗಿರಾಕಿಯೊಬ್ಬರು ಗುರುತು ಮಾಸುವ ಹಾಗೆ ಮದ್ದಿನಲ್ಲಿ ಅದ್ದಿ ಕೊಟ್ಟರೆ ಒಳ್ಳೆಯ ಬೆಲೆ ಕೊಡುತ್ತೇನೆ ಎಂದು ಮುಂದೆ ಬಂದರಂತೆ. ಅಪ್ಪ ಹೇಳಿದ್ದನ್ನು ಭೂತಗನ್ನಡಿಯವರು ಅಪ್ಪನ ದನಿಯಲ್ಲೇ ಹೇಳಿದರು: “ಅದು ಕಲೆ ಅಲ್ಲ ರೀ, ಸೀಲು. ತೂಕದ ಕಲ್ಲಿನ ಮೇಲೆ ನಾನು ಒತ್ತೋ ಹಾಗೆ ನನ್ನ ಮಗಳು ಒತ್ತಿದಾಳೆ. ಸೀಲು ಅಳಿಸಿದ ತೂಕ ಯಾವ ಅಂಗಡೀಲೂ ಚಲಾವಣೆ ಇಲ್ಲ.”

ಹೌದು ಅಕ್ಕ. ನಿನ್ನದೇ. ಮಾರನೆಯ ದಿನ ನಮ್ಮ ಅಂಗಡಿಯಲ್ಲಿ ಗಾಜು ಪರೀಕ್ಷಿಸುವ ಯಂತ್ರದಡಿ ಇಟ್ಟು ನೋಡಿದೆ. ಗೆರೆಗಳನ್ನೆಲ್ಲ ಅಡ್ಡಡ್ಡ ಕೊಯ್ದು ಒಂದು ಓರೆ ಗೀಟು ಹಾಯ್ದಿದೆ, ನೀನು ಚಿಕ್ಕವಳಿದ್ದಾಗ ಹಾಲಿನಪುಡಿ ಡಬ್ಬಿಯ ಮುಚ್ಚಳ ತಾಗಿದ ಗಾಯ. ಅಮ್ಮನಿಗೆ ಗಾಜೂ ಬೇಕಾಗಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, “ಡಬ್ಬಿ ಬೆರಳು” ಎಂದಳು. ಅಡುಗೆಮನೆಗೆ ಹೋಗಿ ರೇಡಿಯೋ ಜೋರು ಮಾಡಿದಳು. ಈ ಸಲ ಆರಿಸಲಿಲ್ಲ.

ಓದು ಬಿಟ್ಟು ಕ್ರೇನ್ ಹತ್ತುತ್ತೇನೆ ಎಂದ ಮಗಳಿಗೆ ಹೊಸ್ತಿಲು ತುಳಿಯಬೇಡ ಎಂದವರು ಅಪ್ಪ. ಆಮೇಲೆ ಈ ಮನೆಯಲ್ಲಿ ನಿನ್ನ ಹೆಸರೆತ್ತಲಿಲ್ಲ. ಅಪ್ಪ ಹೋದ ದಿನ ನೀನು ಫೋನಿನಲ್ಲಿ ಹೇಳಿದ್ದೂ ನೆನಪಿದೆ: “ಬೇಡ ಅಂದಿದ್ದು ಅಪ್ಪ. ಬಾ ಅಂತಾನೂ ಅಪ್ಪನೇ ಹೇಳ್ಬೇಕಿತ್ತು.” ನೀನು ಬರಲಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿತ್ತು. ಇಬ್ಬರೂ ಒಂದೇ ಅಚ್ಚಿನ ನಾಣ್ಯಗಳು, ಯಾರನ್ನು ಬಯ್ಯಲಿ? ಈಗ ನೋಡು, ಅಪ್ಪ ಹೇಳಿದ್ದಾರೆ. ಮನೆಯವರಿಗೆ ಹೇಳಲಾಗದೆ ಅಂಗಡಿಯವರಿಗೆ, ಇಲಾಖೆಯ ಭಾಷೆಯಲ್ಲಿ ಹೇಳಿದ್ದಾರೆ. ಅವರಿಗೆ ಬರುತ್ತಿದ್ದದ್ದು ಅದೊಂದೇ ಭಾಷೆ.

ಆದ್ದರಿಂದ ಈ ಮನೆಯ ಹಾಲಿ ಯಜಮಾನನಾದ ನಾನು ಹೊರಡಿಸುವ ಆದೇಶ ಹೀಗಿದೆ. ನಾಣ್ಯ ನನ್ನದು, ಸೀಲು ನಿನ್ನದು. ನಿನ್ನ ಒಪ್ಪಿಗೆಯಿಲ್ಲದೆ ಮಾರುವುದಿಲ್ಲ, ಅಂಚೆಯಲ್ಲಿ ಕಳಿಸುವುದೂ ಇಲ್ಲ. ತಿಂಗಳ ಕೊನೆಯೊಳಗೆ ಖುದ್ದಾಗಿ ಬಂದು, ಹೊಸ್ತಿಲು ತುಳಿದು, ಬೆರಳು ತಾಳೆ ನೋಡಿ ತೀರ್ಮಾನಿಸತಕ್ಕದ್ದು. ಇಟ್ಟುಕೊಳ್ಳುತ್ತೇನೆ ಎಂದರೆ ಇಟ್ಟುಕೋ. ಅಂಗಡಿ ಹೋದರೆ ಹೋಯಿತು, ಹೊಸ ಯಜಮಾನರ ಕೈಕೆಳಗೆ ಗಾಜು ಉಜ್ಜುತ್ತೇನೆ. ಕಾಡಿಸಲು ಹೊಸಬರು ಸಿಕ್ಕ ಹಾಗಾಯಿತು. ಆದರೆ ಬಾ. ಅಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ. ಕೇಳಿದರೆ ಧೂಳು ಹಿಡಿದಿತ್ತು ಅನ್ನುತ್ತಾಳೆ.

ಹಿರಿಯರನ್ನು ಕಿರಿಯರು ಹರಸುವ ಕ್ರಮವಿಲ್ಲ, ಆದರೂ ಅಷ್ಟೆತ್ತರದಲ್ಲಿ ಕೂತವಳಿಗೆ ಯಾರಾದರೂ ಹರಸಬೇಕಲ್ಲ. ನಿನ್ನ ಕ್ರೇನಿನ ಹಗ್ಗ ಗಟ್ಟಿಯಾಗಿರಲಿ. ಗಾಳಿ ನಿನ್ನ ಮಾತು ಕೇಳಲಿ. ಹೊತ್ತುಹೊತ್ತಿಗೆ ಊಟ ಮಾಡುವ ಬುದ್ಧಿ ಬರಲಿ.

ಇಂತಿ,
ನಿನ್ನ ಪೀಡೆ

ತಾ.ಕ.: ಮೇಲೆ ಒಂದು ಸಂಗತಿ ಬರೆಯದೆ ಬಿಟ್ಟೆ. ಮುದುಕರು ಗಾಜು ಕೊಟ್ಟಾಗ, ಅವರು ‘ಮಗಳು’ ಅನ್ನುವುದಕ್ಕೆ ಮುಂಚೆ, ನಾನು ನನ್ನ ಹೆಬ್ಬೆರಳನ್ನು ಆ ಗುರುತಿನ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದ್ದೆ. ಮನೆಗೆ ಬಂದು ಉಳಿದ ನಾಣ್ಯಗಳನ್ನೂ ಒಂದೊಂದಾಗಿ ಹುಡುಕಿದೆ. ಯಾವುದರ ಮೇಲೂ ನನ್ನದಿಲ್ಲ. ನೀನು ಹೋದ ಮೇಲೆ ಪ್ರತಿ ಭಾನುವಾರ ಅಪ್ಪನ ಪಕ್ಕ ಕೂತು ಅವನ್ನೆಲ್ಲ ಮಗುಚಿ ಇಡುತ್ತಿದ್ದವನು ನಾನೇ. ಅಂಚು ಹಿಡಿ, ಮುಖ ಮುಟ್ಟಬೇಡ ಎಂದಿದ್ದರು. ಹುಟ್ಟಿದಾಗಿನಿಂದ ಅಪ್ಪ ಹೇಳಿದ್ದರಲ್ಲಿ ನಾನು ಚಾಚೂ ತಪ್ಪದೆ ಕೇಳಿದ್ದು ಅದೊಂದೇ, ಅಕ್ಕ.