ಮೊದಲ ಚೇರ್ಮನ್ನರ ಮುಖ

ಮಾನ್ಯ ಎಲ್ವಿಟಾ ಬಾಯಿಯವರ ಸನ್ನಿಧಿಗೆ,

ನಗರಸಭೆಯ ತಾತ್ಕಾಲಿಕ ನೌಕರನೂ ಖಾಯಂ ಅಪರಾಧಿಯೂ ಆದ ಯತಿನ್ ಮಾಡುವ ಅರಿಕೆ. ಸಮಾಧಿಯ ಕಲ್ಲು ಕೆತ್ತುವವನಿಗೆ ಈಗಲೇ ಫೋನು ಮಾಡಿ ಕೆಲಸ ನಿಲ್ಲಿಸಲು ಹೇಳಿ. ನೀವು ಅವನಿಗೆ ಕೊಟ್ಟಿರುವ ಫೋಟೋ ನಿಮ್ಮ ಅಜ್ಜನದ್ದಲ್ಲ. ಫೋನು ಮಾಡಿಯಾದ ಮೇಲೆ ಕುಳಿತು ಉಳಿದದ್ದನ್ನು ಓದಿ.

ನಮ್ಮ ಸಭಾಂಗಣದ ಗೋಡೆಯನ್ನು ನೀವು ನೋಡಿದ್ದೀರಿ. ಹಿಂದಿನ ಚೇರ್ಮನ್ನರೆಲ್ಲ ಅಲ್ಲಿ ಸಾಲಾಗಿ ತೂಗುತ್ತಿದ್ದಾರೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಡಲ ಗಾಳಿ ಕಿಟಕಿಯ ಪರದೆ ಸರಿಸುತ್ತದೆ, ಗಾಜುಗಳ ಮೇಲೆ ಬೆಳಕು ತೇಲಾಡುತ್ತದೆ. ನಾನು ಬೆಂಚಿನ ಮೇಲೆ ಮಲಗಿ ಅರೆಗಣ್ಣಿನಲ್ಲಿ ನೋಡುತ್ತಿದ್ದರೆ ಅವರು ಒಬ್ಬೊಬ್ಬರಾಗಿ ಇಳಿದು, ಚಪ್ಪಲಿಯ ಸದ್ದಿಲ್ಲದೆ ಪೇಟೆಯ ಕಡೆ ಹೊರಡುತ್ತಾರೆ. ಒಬ್ಬರು ತಾವು ಹಾಕಿಸಿದ ಬೀದಿದೀಪ ಮುಟ್ಟಿ ನೋಡಲಿಕ್ಕೆ, ಇನ್ನೊಬ್ಬರು ತಮ್ಮ ಕಾಲದ ಮೀನು ಮಾರ್ಕೆಟಿನ ಮಾಡು ಸೋರುತ್ತದೋ ಎಂದು ವಿಚಾರಿಸಲಿಕ್ಕೆ. ಮೂರು ಗಂಟೆಗೆ ಎಲ್ಲರೂ ಶಿಸ್ತಾಗಿ ವಾಪಸ್. ಮೊದಲ ಚೌಕಟ್ಟಿನಿಂದ ಮಾತ್ರ ಯಾರೂ ಇಳಿಯುತ್ತಿರಲಿಲ್ಲ. ಅಲ್ಲಿದ್ದದ್ದು ಬಿಳಿ ಕಾಗದ, ಕೆಳಗೆ 'ಫಿಡೆಲಿಸ್, ಪ್ರಥಮ ಅಧ್ಯಕ್ಷರು' ಎಂಬ ಚೀಟಿ. ನಿಮ್ಮ ಅಜ್ಜನ ಫೋಟೋ ಊರಲ್ಲಿ ಯಾರ ಬಳಿಯೂ ಇರಲಿಲ್ಲ.

ಹೋದ ವರ್ಷ ಚೌಕಟ್ಟು ಒರೆಸುವ ಮಹತ್ಕಾರ್ಯ ನನ್ನ ಪಾಲಿಗೆ ಬಂತು. ಹಳೆಯ ಕಡತವೊಂದರಲ್ಲಿ ಪೂವಪ್ಪಣ್ಣನ ಯೌವನದ ಫೋಟೋ ಸಿಕ್ಕಿತು. ಊರಿನ ನೀರಿನ ವಾಲ್ವ್ ತಿರುಗಿಸುತ್ತಿದ್ದವರು, ಈಗ ನಿವೃತ್ತರಾಗಿ ಪುತ್ತಿಗೆಯಲ್ಲಿದ್ದಾರೆ. ಊರಿಗೆಲ್ಲ ನೀರು ಕುಡಿಸಿದವರು ಅಧ್ಯಕ್ಷರಾದರೆ ತಪ್ಪೇನು ಎಂದುಕೊಂಡು, ಕಂಪ್ಯೂಟರಿನಲ್ಲಿ ಕೋಟು ತೊಡಿಸಿ ಅವರನ್ನು ಆ ಚೌಕಟ್ಟಿನಲ್ಲಿ ಕೂರಿಸಿದೆ. ಎರಡು ದಿನದೊಳಗೆ ಯಾರಾದರೂ ಹಿಡಿದು ಬೈಯುತ್ತಾರೆ, ನಕ್ಕು ಮುಗಿಸೋಣ ಎಂದಿದ್ದೆ. ಯಾರೂ ತಲೆಯೆತ್ತಿ ನೋಡಲಿಲ್ಲ. ಕೌನ್ಸಿಲರುಗಳು ವರ್ಷವಿಡೀ ಅವರ ಕೆಳಗೆ ಕೂತು ಚಹಾ ಕುಡಿದರು.

ಕಳೆದ ವಾರ ಚೇರ್ಮನ್ನರ ಸ್ಮರಣೆಯ ಸಮಾರಂಭಕ್ಕೆ ನೀವು ಬಾಯಾರು ಊರಿನಿಂದ ಎರಡು ಬಸ್ಸು ಬದಲಿಸಿ ಬಂದಿರಿ. ಫೋಟೋಕ್ಕೆ ಹಾರ ಹಾಕಿದಿರಿ. ಗಾಜಿನ ಮೇಲೆ ಬೆರಳಿಟ್ಟು, "ಅಮ್ಮನದ್ದೇ ಮೂಗು. ನಾನು ಹುಟ್ಟುವ ಮೊದಲೇ ಹೋದವರು, ಇವತ್ತಾದ್ರೂ ನೋಡ್ಲಿಕ್ಕೆ ಸಿಕ್ಕಿದ್ರಲ್ಲ" ಎಂದಿರಿ. ಶಾಲುಗಳ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದವನು ನಾನು. ನಗು ಬರಬೇಕಿತ್ತು, ಬರಲಿಲ್ಲ. ಸಮಾಧಿಗೆ ಹಾಕಿಸಬೇಕೆಂದು ನೀವು ಕೇಳಿದಾಗ ನಿಮ್ಮ ಫೋನಿನಲ್ಲಿ ಅದನ್ನು ತೆಗೆದುಕೊಟ್ಟವನೂ ನಾನೇ. ಆಗಲೇ ಹೇಳಬಹುದಿತ್ತು. ಫೋನು ನಿಮ್ಮ ಕೈಗಿಟ್ಟು ಮತ್ತೆ ಶಾಲುಗಳ ತಟ್ಟೆ ಎತ್ತಿಕೊಂಡೆ.

ನಿನ್ನೆ ಪುತ್ತಿಗೆಗೆ ಹೋಗಿ ತಪ್ಪೊಪ್ಪಿಕೊಂಡೆ. ಪೂವಪ್ಪಣ್ಣನ ಹೆಂಡತಿ ಲೋಲಾಕ್ಷಿಯಕ್ಕ, "ಜೀವ ಇರುವ ಮನುಷ್ಯನ ಫೋಟೋಕ್ಕೆ ಹಾರ ಹಾಕಿಸಿದ್ದಾ? ನಿನಗೆ ಬೇರೆ ಕೆಲಸ ಇಲ್ವಾ ಮಾರಾಯ?" ಎಂದು ಅಂಗಳ ಗುಡಿಸುವ ಹಿಡಿಸೂಡಿ ಎತ್ತಿದರು. ಪೂವಪ್ಪಣ್ಣ ಕೇಳಿದ್ದು ಇಷ್ಟೇ: "ಎಂತ ಹಾರ, ಮಲ್ಲಿಗೆಯದ್ದಾ?"

ಆಮೇಲೆ ಹೇಳಿದರು: "ಫಿಡೆಲಿಸ್ ಪೊರ್ಬುಗಳ ಎಡಗಣ್ಣು ಬೇರೆ ಕಡೆ ನೋಡ್ತಿತ್ತು. ಅದಕ್ಕೇ ಫೋಟೋಕ್ಕೆ ನಿಲ್ತಿರಲಿಲ್ಲ. ಕ್ಯಾಮೆರಾ ತಂದವನಿಗೆ, 'ನೀರಿನ ನಳ್ಳಿಯ ಫೋಟೋ ತೆಗಿ, ನನ್ನದು ಎಂತಕ್ಕೆ' ಅಂತಿದ್ರು." ಮೊದಲ ನಳ್ಳಿಯಲ್ಲಿ ನೀರು ಬಂದ ದಿನ ಅವರು ಕೊಡ ಹಿಡಿದ ಹೆಂಗಸರ ಹಿಂದೆ, ಸಾಲಿನ ಕೊನೆಗೆ ನಿಂತಿದ್ದರಂತೆ. ನಕ್ಕರೆ ಸದ್ದು ಬರುತ್ತಿರಲಿಲ್ಲವಂತೆ, ಭುಜ ಮಾತ್ರ ಕುಣಿಯುತ್ತಿತ್ತಂತೆ. ಹೇಳಿದ್ದು ಸಾಲದೆ, ಎಂಬತ್ತರ ಆ ಮನುಷ್ಯ ಎದ್ದು, ಮುಂಡಿನ ತುದಿ ಹಿಡಿದು ಅಂಗಳದಲ್ಲಿ ಅವರ ಹಾಗೆ ನಡೆದು ತೋರಿಸಿದರು. ಆ ಬಿಸಿಲಿನಲ್ಲಿ ಒಂದು ಕ್ಷಣ ಬೇರೆ ಯಾರೋ ನಡೆಯುತ್ತಿದ್ದರು, ಬಾಯಿ. ಇದರಲ್ಲಿ ನನ್ನ ತಮಾಷೆ ಇಲ್ಲ.

ಸೆಕ್ರೆಟರಿಯವರಿಗೆ ಎಲ್ಲ ಬರೆದುಕೊಟ್ಟಿದ್ದೇನೆ. ನನ್ನ ಕೆಲಸ ಉಳಿಯುವ ಲಕ್ಷಣ ಇಲ್ಲ, ಅದು ನನ್ನ ಪಾಡು. ನೀವು ಮಾತ್ರ ಭಾನುವಾರ ಚರ್ಚಿನ ಪೂಜೆ ಮುಗಿಸಿ ಪುತ್ತಿಗೆಗೆ ಬನ್ನಿ. ಪೂವಪ್ಪಣ್ಣ ಹೇಳಿ ಕಳಿಸಿದ್ದಾರೆ: "ಬಾಯಿಯವರನ್ನು ಕರ್ಕೊಂಡು ಬಾ. ನನ್ನ ಕಣ್ಣು ಮಂಜಾಗ್ತಾ ಉಂಟು, ಆದ್ರೆ ಪೊರ್ಬುಗಳ ಮುಖ ಸರೀ ಕಾಣ್ತದೆ. ನೋಡಿದವರು ಇನ್ನು ನಾನೊಬ್ಬನೇ. ಹೋಗುವ ಮೊದಲು ಅದನ್ನು ಅವರ ಮನೆಯವರಿಗೆ ಕೊಡ್ಬೇಕು."

ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಲೇ ಬನ್ನಿ. ನಿಮ್ಮ ಅಜ್ಜನ ಆತ್ಮಕ್ಕೆ ಶಾಂತಿಯಿರಲಿ. ಪೂವಪ್ಪಣ್ಣನ ಆಯುಷ್ಯ ಭಾನುವಾರದಾಚೆಗೂ ಗಟ್ಟಿಯಿರಲಿ.

ತಲೆ ತಗ್ಗಿಸಿ ನಿಂತಿರುವ,
ಯತಿನ್