ಮಾವನ ಪೆಟ್ಟಿಗೆಗೆ ಹೊಸ ಕಾರ್ಡ್

ಆಲೂರು
೧೭-೯-೨೦೨೪, ಮಂಗಳವಾರ

ಪ್ರೀತಿಯ ಅತ್ತೆಮ್ಮಾ,

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ತಿಪಟೂರಿಗೆ ಹೋದಾಗಿನಿಂದ ದಿನಾ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ನೀವೇ ಅಂತೆ, ಬಾಣಂತಿಗೆ ಸೀಗೆಕಾಯಿ ತಿಕ್ಕುವುದೂ ನೀವೇ ಅಂತೆ. ಮಂಜುಶ್ರೀ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದಳು, ನನಗೆ ಸಿಟ್ಟು ಬಂತು. ಮಗಳ ಬಾಣಂತನ ಮಾಡಲು ಹೋದವರು ನೀವೇ ಹಾಸಿಗೆ ಹಿಡಿದರೆ ನಿಮ್ಮ ಆರೈಕೆಗೆ ನಾನು ಬರಬೇಕಾಗುತ್ತದೆ, ನೋಡಿಕೊಳ್ಳಿ. ಹಂಡೆಯಿಂದ ನೀರು ತೋಡುವ ಕೆಲಸವನ್ನಾದರೂ ಅಳಿಯಂದಿರಿಗೆ ಬಿಡಿ. ಫೋನ್ ಮಾಡಿದರೆ ನಾನು ಕಿರುಚಿದ್ದರಲ್ಲಿ ಅರ್ಧ ಮಾತ್ರ ನಿಮಗೆ ಕೇಳುತ್ತದೆ, ಇಡೀ ಮಾತು ಆಲೂರು ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ ಎಂದು ನಿಮ್ಮ ಮಗ ರೇಗಿಸುತ್ತಾರೆ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಗ ನಿಮ್ಮ ಕೈಯ ಹುರುಳಿ ಬಸ್ಸಾರು ನೆನೆಸಿಕೊಂಡು ನನ್ನ ಸಾರಿನಲ್ಲಿ ತಪ್ಪು ಹುಡುಕುತ್ತಾರೆ, ಆದರೂ ಎರಡನೇ ಮುದ್ದೆ ಬಿಡುವುದಿಲ್ಲ. ಈಗ ವಿಷಯಕ್ಕೆ ಬರುತ್ತೇನೆ. ಊರಿಗೆ ಹೊರಡುವ ದಿನ ಚೀಲ ಕೈಯಲ್ಲಿ ಹಿಡಿದು ಅಂಗಡಿಗೆ ಬಂದು ಒಂದು ಮಾತು ಹೇಳಿದ್ದಿರಿ: "ನಾನು ಬರೋದ್ರೊಳಗೆ ನಿಮ್ಮ ಮಾವನ ಪೆಟ್ಟಿಗೇನ ಗುಜರಿಗೆ ಹಾಕ್ಬುಟ್ಟೀರಾ, ಹುಷಾರು." ಅತ್ತೆಮ್ಮಾ, ಆ ಕಂಪ್ಯೂಟರ್ ಪೆಟ್ಟಿಗೆ ಹೋದ ವಾರ ಗುಜರಿಯ ಬಾಗಿಲಿನ ತನಕ ಹೋಗಿ ವಾಪಸ್ ಬಂದಿದೆ. ಗಾಬರಿ ಬೀಳಬೇಡಿ, ಈಗ ಅದರ ಜಾಗದಲ್ಲೇ ಇದೆ. ಆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ವನಗೂರಿನ ಜೀಪ್ ಜಯಕುಮಾರ್ ಗೊತ್ತಲ್ಲ, ಗೊಬ್ಬರ ತುಂಬಲು ನಮ್ಮ ಅಂಗಡಿಗೆ ಬರುವವನು. ಅವನ ಮಗಳು ಶ್ವೇತಾಳ ಮದುವೆ ಹೋದ ತಿಂಗಳು ಸಕಲೇಶಪುರದ ಛತ್ರದಲ್ಲಿ ಆಯಿತು. ಅವನ ತಾಯಿ ಹುಲಿಯಮ್ಮನಿಗೆ ಸೊಂಟ ಮುರಿದ ಮೇಲೆ ಆ ಇಳಿಜಾರು ರಸ್ತೆಯಲ್ಲಿ ಜೀಪು ಹತ್ತುವ ಹಾಗಿಲ್ಲ. ಸಾಕಿ ಬೆಳೆಸಿದ ಮೊಮ್ಮಗಳ ಧಾರೆಯನ್ನು ಅಜ್ಜಿ ನೋಡಲಿಲ್ಲ. ಗೌರಿ ಹಬ್ಬಕ್ಕೆ ತವರಿಗೆ ಬಂದ ಶ್ವೇತಾ, ಗಂಡನ ಮನೆಗೆ ಹೊರಡುವ ಮೊದಲು ಅಜ್ಜಿಯ ಪಕ್ಕ ಕೂತು ಮದುವೆ ವೀಡಿಯೊ ನೋಡಬೇಕು ಎಂದು ಹಟ ಹಿಡಿದಳಂತೆ. ಮೊನ್ನೆ ಭಾನುವಾರ ಅವಳ ಪ್ರಯಾಣವಿತ್ತು. ಜಯಕುಮಾರ್ ಮದುವೆಯಲ್ಲಿ ತೆಗೆದ ಬಿಡಿ ಬಿಡಿ ವೀಡಿಯೊ ತುಂಬಿದ್ದ ಪೆನ್ ಡ್ರೈವ್ ತಂದು ಅಂಗಡಿ ಮೂಲೆಯ ನನ್ನ ಕಂಪ್ಯೂಟರ್ ಮೇಜಿನ ಮೇಲಿಟ್ಟು, "ನಿನ್ ಕೈಲಾಗ್ತೈತೇನವ್ವಾ, ಇಲ್ಲಾಂದ್ರೆ ಈಗ್ಲೇ ಹೇಳ್ಬುಡು, ಹಾಸನಕ್ಕೆ ಕೊಡ್ತೀನಿ" ಅಂದ. ಲಗ್ನಪತ್ರಿಕೆ ಮತ್ತು ತಾಲ್ಲೂಕು ಆಫೀಸಿನ ಅರ್ಜಿ ಬಿಟ್ಟು ಬೇರೆ ಕೆಲಸ ಮಾಡಬೇಕು ಎಂದು ನಾನು ಎಷ್ಟು ದಿನದಿಂದ ಕಾಯುತ್ತಿದ್ದೆ ಎನ್ನುವುದು ನಿಮಗೊಬ್ಬರಿಗೇ ಗೊತ್ತು. ಆಗುತ್ತದೆ ಅಂದುಬಿಟ್ಟೆ.

ಆದರೆ ವೀಡಿಯೊ ಜೋಡಿಸುವ ಸಾಫ್ಟ್‌ವೇರ್ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ನಾನು ಏಳುವುದೇ ಇಲ್ಲ ಎಂದು ಕೂತಿತು. ಮನೆಯಲ್ಲಿ ಹತ್ತು ಜನ ನೆಂಟರಿದ್ದಾಗ ಒಲೆ ಮುಂದೆ ಒಬ್ಬರೇ ಇದ್ದರೆ ಅಕ್ಕಿರೊಟ್ಟಿ ತಟ್ಟಲು ಇನ್ನೊಂದು ಕೈ ಬೇಕಲ್ಲ, ಈ ಕಾರ್ಡ್ ಹಾಗೆ. ಚಿತ್ರದ ಕೆಲಸವನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಹಳೆಯ ಕಂಪ್ಯೂಟರಿಗೆ ಸಿಕ್ಕ ಸಿಕ್ಕ ಕಾರ್ಡ್ ಆಗುವುದಿಲ್ಲ, ಆದ್ದರಿಂದ ಮೊದಲು ಪವರ್ ಸಪ್ಲೈ ಮೇಲಿನ ಚೀಟಿ ಓದಿ, ಬೇರೆ ಕರೆಂಟ್ ವಯರ್ ಕೇಳದಂಥ ಕಾರ್ಡೇ ಬೇಕು ಎಂದು ರಿಪೇರಿ ಅಂಗಡಿಯ ರಾಜೇಶನಿಗೆ ಹೇಳಿ ಹಾಸನದಿಂದ ಒಂದು ಸೆಕೆಂಡ್ ಹ್ಯಾಂಡ್ ತರಿಸಿದೆ. ನಿಮ್ಮ ಮಗ ಅದನ್ನು ತಿರುಗಿಸಿ ನೋಡಿ, ಹನ್ನೆರಡು ವರ್ಷದ ಮುದಿ ಪೆಟ್ಟಿಗೆಗೆ ಹೊಸ ಸಂಬಂಧ ಬೇರೆ ಕೇಡು ಅಂದರು. ಆಮೇಲೆ ನಗುವುದನ್ನು ನಿಲ್ಲಿಸಿ, ಗುರುವಾರದೊಳಗೆ ಇದು ನಡೆಯದಿದ್ದರೆ ಪೆಟ್ಟಿಗೆ ಗುಜರಿಗೆ, ಆ ಮೂಲೆ ಸ್ಪ್ರೇಯರ್ ಇಡಲು ಎಂದು ಖಡಾಖಂಡಿತವಾಗಿ ಹೇಳಿದರು. ಅಂಗಡಿಯಲ್ಲಿ ಜಾಗ ಸಾಲದು ಎನ್ನುವುದು ಸುಳ್ಳಲ್ಲ. ಆದರೆ ಆ ಮೂಲೆ ಹೋದರೆ ಅಂಗಡಿಯಲ್ಲಿ ನನ್ನದು ಎನ್ನುವುದು ಏನೂ ಉಳಿಯುವುದಿಲ್ಲ. 

ಕಾರ್ಡ್ ಬಂದ ಆ ಸೋಮವಾರವೇ ನಾನೂ ರಾಜೇಶನೂ ಅದನ್ನು ಹಾಕಲು ಕೂತೆವು. ಪಕ್ಕದ ತಗಡು ಬಿಚ್ಚಿ ನೋಡಿದರೆ ಕಾರ್ಡ್ ಉದ್ದ, ಎದುರಿಗೆ ಹಾರ್ಡ್ ಡಿಸ್ಕ್ ಅಡ್ಡ. ಡಿಸ್ಕನ್ನು ಕೆಳಗಿನ ಗೂಡಿಗೆ ಇಳಿಸಿದೆವು. ಕಾರ್ಡ್ ಒತ್ತಿ ಕೂರಿಸಿ, ಸ್ಕ್ರೂ ಬಿಗಿದು ಸ್ವಿಚ್ ಹಾಕಿದರೆ ಅದರ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಮಾನಿಟರಿನ ವಯರ್ ಹಳೆಯ ಜಾಗದಲ್ಲೇ ಇದೆ ಎಂದು ಹೊಳೆದು ಅದನ್ನು ಕಾರ್ಡಿಗೆ ಬದಲಾಯಿಸಿದೆ. ಆಗಲೂ ಕಪ್ಪು. ಕಾರ್ಡ್ ತೆಗೆದು ವಯರನ್ನು ಹಳೆಯ ಜಾಗಕ್ಕೆ ಹಾಕಿದರೆ ಎಲ್ಲ ಸರಿ, ಮಾವನ ಕಾಲದ ಅದೇ ಹಸಿರು ಗದ್ದೆಯ ಚಿತ್ರ ಬರುತ್ತದೆ. ಮಂಗಳವಾರ ರಾಜೇಶ ಕಾರ್ಡನ್ನು ತನ್ನ ಅಂಗಡಿಯ ಹೊಸ ಕಂಪ್ಯೂಟರಿಗೆ ಹಾಕಿ ನೋಡಿದ, ಅಲ್ಲಿ ಓಡಿತು. "ಕಾರ್ಡ್ ಚೆನ್ನಾಗೈತೆ ಅಕ್ಕ, ನಿಮ್ ಮದರ್‌ಬೋರ್ಡೇ ಹಳೇದು, ಇವೆರಡಕ್ಕೂ ಕೂಡಿ ಬರಲ್ಲ, ಬುಟ್ಬುಡಿ" ಅಂದ. ನಿಮ್ಮ ಮಗ ಅದನ್ನು ಕೇಳಿಸಿಕೊಂಡವರೇ ಪೆಟ್ಟಿಗೆಯನ್ನು ಎತ್ತಿ ಗಾಡಿಯ ಮುಂದೆ ಇಟ್ಟುಕೊಂಡು ಹೊರಟರು. ನಾನು ಗುಜರಿಯ ತನಕ ಹಿಂದೆಯೇ ಓಡಿ, "ಗುರುವಾರ ಅಂತ ನೀವೇ ಹೇಳಿದ್ದಲ್ಲವಾ, ಇವತ್ತಿನ್ನೂ ಮಂಗಳವಾರ" ಎಂದು ಬೀದಿಯಲ್ಲಿ ನಿಂತು ಅವರ ಜೊತೆ ಜಗಳ ಮಾಡಿದೆ. ಗುಜರಿಯವನ ಬಾಗಿಲಿನಿಂದ ಪೆಟ್ಟಿಗೆಯನ್ನು ವಾಪಸ್ ತಂದದ್ದು ಹಾಗೆ. ನಾಲ್ಕು ಜನ ನೋಡಿದರು, ನೋಡಲಿ.

ಆಮೇಲೆ ಕೂತು ಯೋಚಿಸಿದೆ. ಬೋರ್ಡ್ ಹಳೆಯದು, ಅದಕ್ಕೇ ಆಗುವುದಿಲ್ಲ ಎನ್ನುವುದು ನಿಜವೋ ಸುಳ್ಳೋ ತಿಳಿಯಬೇಕಾದರೆ ಇದೇ ಬೋರ್ಡ್ ಇನ್ನೊಂದು ಬೇಕು. ಆಗ ಬೆಳಗೋಡಿನ ಚಂದ್ರಯ್ಯನವರು ನೆನಪಾದರು. ಮಾವನೂ ಅವರೂ ಒಂದೇ ದಿನ ಹಾಸನದ ಒಂದೇ ಅಂಗಡಿಯಲ್ಲಿ ಜೋಡಿ ಪೆಟ್ಟಿಗೆ ಕೊಂಡು, ಒಂದೇ ಬಾಡಿಗೆ ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು ಎಂದು ನೀವೇ ಎಷ್ಟೋ ಸಲ ಹೇಳಿದ್ದೀರಿ. ಬುಧವಾರ ಬೆಳಿಗ್ಗೆ ಕಾರ್ಡನ್ನು ಹಳೆಯ ರೇಷ್ಮೆ ರವಿಕೆ ಬಟ್ಟೆಯಲ್ಲಿ ಸುತ್ತಲು ಹೋದವಳು, ರೇಷ್ಮೆ ಉಜ್ಜಿದರೆ ಹುಟ್ಟುವ ಕರೆಂಟಿಗೆ ಕಾರ್ಡು ಸುಟ್ಟು ಹೋಗಬಹುದು ಎಂದು ರಾಜೇಶ ಬೈದದ್ದು ನೆನಪಾಗಿ, ಅದು ಬಂದ ಕವರಿನಲ್ಲೇ ಹಾಕಿಕೊಂಡು ಬಸ್ಸು ಹತ್ತಿದೆ. ಚಂದ್ರಯ್ಯನವರ ಅಕ್ಕಿ ಗಿರಣಿ ಆಫೀಸಿನಲ್ಲಿ ಪೆಟ್ಟಿಗೆ ಇನ್ನೂ ಓಡುತ್ತಿದೆ, ಮೇಲೆ ಒಂದು ಒಣಗಿದ ಹಾರ. ಅವರು ಕಾಫಿ ತರಿಸಿ, ದೇವೀರಪ್ಪನ ಸೊಸೆ ಸ್ಕ್ರೂ ಡ್ರೈವರ್ ಹಿಡಿದು ಬಂದವಳೆ ನೋಡ್ರಪ್ಪ ಎಂದು ಹಮಾಲಿಗಳನ್ನೆಲ್ಲ ಕರೆದರು. ಅವರೆಲ್ಲ ಸುತ್ತ ನಿಂತಿರುವಾಗ ಅಲ್ಲೂ ಡಿಸ್ಕ್ ಕೆಳಗಿಳಿಸಿ, ಕಾರ್ಡ್ ಹಾಕಿ ಸ್ವಿಚ್ ಒತ್ತಿದೆ. ಪರದೆ ಬಂತು. ನಮ್ಮದೇ ವಯಸ್ಸಿನ, ನಮ್ಮದೇ ಬೋರ್ಡಿನ ಮೇಲೆ ಬಂತು. ಚಂದ್ರಯ್ಯನವರು, "ಅವ್ನಿದ್ದಿದ್ರೆ ನಿನ್ನ ಇವತ್ತು ತಲೆ ಮೇಲೆ ಹೊತ್ಕಂಡು ಕುಣೀತಿದ್ದ ಕಣವ್ವಾ" ಅಂದರು. ನನಗೆ ಅಳು ಬಂತು, ಕಾಫಿ ಕುಡಿದು ನುಂಗಿಕೊಂಡೆ.

ಒಂದು ವಿಷಯ ಅಲ್ಲೇ ಗಮನಿಸಿದ್ದೆ. ಬೆಳಗೋಡಿನಲ್ಲಿ ಕಾರ್ಡ್ ಕೂರಿಸುವಾಗ ಕೊನೆಯಲ್ಲಿ ಟಕ್ ಎಂದು ಶಬ್ದ ಬಂದಿತ್ತು. ನಮ್ಮದರಲ್ಲಿ ಅದು ಬಂದೇ ಇರಲಿಲ್ಲ, ಸ್ಕ್ರೂ ಬಿಗಿದಿದ್ದರಿಂದ ಕೂತಿದೆ ಎಂದು ನಾವು ತಿಳಿದಿದ್ದೆವು. ಊರಿಗೆ ಬಂದವಳೇ ಕರೆಂಟಿನ ವಯರ್ ಕಿತ್ತು, ಪೆಟ್ಟಿಗೆಯನ್ನು ಮಲಗಿಸಿ, ಕಾರ್ಡ್ ಕೂರುವ ಉದ್ದ ಸಂದಿಯೊಳಗೆ ಮೊಬೈಲ್ ಬೆಳಕು ಬಿಟ್ಟೆ. ತಳದಲ್ಲಿ ಕಸ ಕೂತಿತ್ತು. ಎಂಥ ಕಸ ಎನ್ನುವುದು ಇರಲಿ. ಪೊರಕೆಯ ಹಂಚಿಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿ, ಹೊಸ ಬ್ರಷ್ಷಿಗೆ ಸ್ಪಿರಿಟ್ ಮುಟ್ಟಿಸಿ ಉಜ್ಜಿ, ಆರಲು ಬಿಟ್ಟು, ಮತ್ತೆ ಕಾರ್ಡ್ ಒತ್ತಿದೆ. ಟಕ್ ಅಂತು. ನಿಮ್ಮ ಮಗ ಯೂರಿಯಾ ಮೂಟೆ ಇಳಿಸುತ್ತಿದ್ದವರು ಹಾಗೇ ನಿಂತು ನೋಡಿದರು. ಪರದೆ ಬೆಳಗಿದಾಗ ಅವರ ಬಾಯಿಂದ ಬಂದದ್ದು ಒಂದೇ ಮಾತು, "ಥೂ, ಇದ್ಕೆ ಇಷ್ಟು ಸಾಕಾಗಿತ್ತಾ." ಸೋತವರ ಮಾತು ಅದಕ್ಕಿಂತ ಚೆನ್ನಾಗಿರುವುದಿಲ್ಲ, ನಾನು ಅಷ್ಟಕ್ಕೇ ತೃಪ್ತಿಪಟ್ಟೆ.

ಮೂರು ದಿನ ಮೇಜು ಬಿಟ್ಟು ಏಳಲಿಲ್ಲ. ಅಡುಗೆ ನಿಮ್ಮ ಮಗನದೇ, ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಶನಿವಾರ ಸಂಜೆ ಜಯಕುಮಾರನ ಜೀಪಿನಲ್ಲೇ ವನಗೂರಿಗೆ ಹೋಗಿ, ಅವರ ಟೀವಿಗೆ ಪೆನ್ ಡ್ರೈವ್ ಹಾಕಿ ಕೊಟ್ಟೆ. ಹುಲಿಯಮ್ಮ ಮೊಮ್ಮಗಳ ಕೈ ಹಿಡಿದು ಕೂತಿದ್ದರು. ಧಾರೆ ನೀರು ಬೀಳುವಾಗ ತಮ್ಮ ಕೈಯಲ್ಲಿದ್ದ ಅಕ್ಕಿಯನ್ನು ಟೀವಿಯ ಮೇಲೆ ಹಾಕಿದರು. ಯಾರೂ ನಗಲಿಲ್ಲ. ಮತ್ತೆ ಮೊದಲಿನಿಂದ ಹಾಕು ಅಂದರು, ಹಾಕಿದೆವು. ಬರುವಾಗ ನಿಮಗೆಂದು ಒಂದು ಹಿಡಿ ಏಲಕ್ಕಿ ಕಟ್ಟಿಕೊಟ್ಟಿದ್ದಾರೆ. ಇವತ್ತು ನಿಮ್ಮ ಮಗ ಅಂಗಡಿಯ ಬೋರ್ಡಿನ ಕೆಳಗೆ, ನಾನು ಕೇಳದೆಯೇ, ಇಲ್ಲಿ ಮದುವೆ ವೀಡಿಯೊ ಮಾಡಿಕೊಡಲಾಗುವುದು ಎಂದು ಪೇಂಟಿನಲ್ಲಿ ಬರೆಸಿದ್ದಾರೆ. ನನಗೆ ತುಂಬ ಸಂತೋಷವಾಗಿದೆ ಅತ್ತೆಮ್ಮಾ.

ಮಂಜುಶ್ರೀಗೆ ಬೆಚ್ಚಗಿರಲು ಹೇಳಿ, ಕೂಸಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು. ಅಳಿಯಂದಿರನ್ನು ಕೇಳಿದೆ ಎಂದು ತಿಳಿಸಿ. ನಿಮ್ಮ ಪಾದ ಮುಟ್ಟಿ ಏಳುವ,

ನಿಮ್ಮ ಸೊಸೆ
ಪುಷ್ಪಾ

ಮರೆತದ್ದು: ಮಂಜುಶ್ರೀ ಕಾಗದ ಕಿತ್ತುಕೊಂಡು ಓದುತ್ತಾಳೆ ಎಂದು ಈ ಚೀಟಿಯನ್ನು ಬೇರೆ ಮಡಚಿ ಇಟ್ಟಿದ್ದೇನೆ. ಆ ಸಂದಿಯಲ್ಲಿದ್ದದ್ದು ಕಸವಲ್ಲ. ನಾಲ್ಕು ಅಕ್ಷತೆ ಕಾಳು, ಒಣಗಿದ ಪತ್ರೆಯ ಒಂದು ಚೂರು, ಗಟ್ಟಿಯಾಗಿ ಕೂತ ವಿಭೂತಿ. ಪ್ರತಿ ಆಯುಧಪೂಜೆಗೂ ಮಾವ ಧೂಳು ಹೊಡೆಯಲು ತಗಡು ಬಿಚ್ಚುತ್ತಿದ್ದರಲ್ಲ, ಆಗ ನೀವು, ಕೆಲ್ಸ ಮಾಡೋದು ಒಳಗಿರೋದು, ಮೇಲ್ಗಡೆ ತಗಡಿಗೆ ಪೂಜೆ ಮಾಡಿ ಏನು ಬಂತು ಎಂದು ಒಳಗೇ ಹಾಕುತ್ತಿದ್ದಿರಿ. ನಿಮ್ಮ ಮಗನಿಗೆ ಧೂಳು ಎಂದು ಹೇಳಿದ್ದೇನೆ, ನೀವೂ ಹಾಗೇ ಹೇಳಿ. ತೆಗೆದದ್ದನ್ನು ಎಸೆದಿಲ್ಲ, ಕಾಗದದಲ್ಲಿ ಕಟ್ಟಿ ಮಾವನ ಫೋಟೋ ಹಿಂದೆ ಇಟ್ಟಿದ್ದೇನೆ. ನೀವು ದೀಪಾವಳಿ ತನಕ ತಿಪಟೂರಿನಲ್ಲೇ ಇರಬೇಕು ಎಂದು ಮಂಜುಶ್ರೀ ಹೇಳುತ್ತಿದ್ದಾಳೆ. ಬಾಣಂತನ ಅರ್ಧಕ್ಕೆ ಬಿಟ್ಟು ಬನ್ನಿ ಎಂದು ನಾನು ಹೇಳಬಾರದು, ಆದರೂ ಹೇಳುತ್ತಿದ್ದೇನೆ: ಆಯುಧಪೂಜೆಗೆ ಎರಡು ದಿನದ ಮಟ್ಟಿಗಾದರೂ ಬಂದು ಹೋಗಿ. ಈ ಸಲ ತಗಡು ಬಿಚ್ಚುವುದಿಲ್ಲ. ಮೇಲ್ಗಡೆ ಒರೆಸಿ ಇಟ್ಟಿರುತ್ತೇನೆ, ವಿಭೂತಿ ನೀವೇ ಹಚ್ಚಬೇಕು. ನಾನು ಹಚ್ಚುವುದಿಲ್ಲ, ಬೇರೆ ಯಾರಿಗೂ ಹಚ್ಚಲು ಬಿಡುವುದಿಲ್ಲ.