ಯಾರ ಮನೆಯೂ ಅಲ್ಲದ ಕಡೆ

ಮೇ 2, ಸಂಜೆ 5

ಇವತ್ತು ಮೂವತ್ತೆಂಟು ಸ್ಲೈಡ್. ಕೊನೆಯ ಆರನ್ನು ಎರಡೆರಡು ಸಲ ನೋಡಿದೆ — ಎಣಿಕೆ ತಪ್ಪುತ್ತಿತ್ತು. ಮೈಕ್ರೋಸ್ಕೋಪಿಗೆ ಹೊದಿಕೆ ಹಾಕುವಾಗ ಲ್ಯಾಬಿನ ಡಾಕ್ಟರು ಬಾಗಿಲಲ್ಲಿ ನಿಂತು, “ಹತ್ತು ದಿನ ರಜಾನಾ? ನೀವಾ?” ಎಂದರು. ಹೊರದೇಶದಲ್ಲಿ ಹಡಗಿನ ಪ್ರವಾಸ, ತಿಮಿಂಗಿಲ ನೋಡೋಕೆ ಎಂದೆ. ನಕ್ಕರು. ಇಷ್ಟು ವರ್ಷ ರಕ್ತಕಣ ಎಣಿಸಿದವಳು ತಿಮಿಂಗಿಲಕ್ಕೆ ಹೊರಟರೆ ಯಾರಿಗಾದರೂ ನಗು ಬರುತ್ತದೆ.

ಬರುವ ದಾರಿಯಲ್ಲಿ ಸ್ಕೂಲಿಗೆ ಹೋಗಿ ಪೀಪಿಯ ಟಿ.ಸಿ. ತೆಗೆದುಕೊಂಡೆ. “ಕಾರಣ ಏನು ಬರೀಲಿ?” ಎಂದಳು ಗುಮಾಸ್ತೆ. “ತಾಯಿ ಇರೋ ಊರಿಗೆ ಹೋಗ್ತಿದಾಳೆ” ಎಂದೆ. ತಲೆಯೆತ್ತಿ ನನ್ನನ್ನೇ ನೋಡಿದಳು. ಐದು ವರ್ಷ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಿದವಳು ನಾನೇ ಅಲ್ಲವೇ.

ಬರೆದಿಡುತ್ತೇನೆ. ಮುಂದೆ ನನಗೆ ನಾನೇ ಸುಳ್ಳು ಹೇಳಿಕೊಳ್ಳಬಾರದು. ಪೀಪಿ ನನ್ನ ತಂಗಿಯ ಮಗಳು. ಹೆರಿಗೆಯಾದ ಮೇಲೆ ತಂಗಿಗೆ ಮನಸ್ಸಿನ ಕಾಯಿಲೆ ಹತ್ತಿತು. ಆಗಿನ ಗಂಡ ಕೈಬಿಟ್ಟು ಹೋದ. ಹದಿನಾಲ್ಕು ತಿಂಗಳ ಕೂಸನ್ನು ನಾನು ತಂದುಕೊಂಡೆ. ಅಳುವ ದನಿ ಪೀಪಿ ಊದಿದ ಹಾಗಿತ್ತು, ಅದೇ ಹೆಸರು ನಿಂತಿತು. ಈಗ ಒಂಬತ್ತು ವರ್ಷ. ತಂಗಿ ಹುಷಾರಾಗಿ ಮೂರು ವರ್ಷವಾಯಿತು, ಮತ್ತೆ ಮದುವೆಯಾಗಿ ಎರಡು. ಮಗಳನ್ನು ಕೇಳಿದಳು. ಹೂಂ ಎಂದೆ. “ಎಂದಾದರೂ ಹುಷಾರಾದ್ರೆ ನಿನ್ನ ಮಗಳು ನಿನಗೇ” ಎಂದು ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಮಾತು ಕೊಟ್ಟವಳೂ ನಾನೇ. ಆಗ ಅವಳು ಹುಷಾರಾಗುತ್ತಾಳೆ ಎಂದು ಯಾರು ನಂಬಿದ್ದರು...

ಹಡಗು ತಂಗಿಯ ಯೋಚನೆ. “ನಿನ್ನ ಮನೇಲಿ ಹೇಳಿದ್ರೆ ಅವಳು ಬಾಗಿಲು ಹಾಕ್ಕೋತಾಳೆ, ನಮ್ಮನೇಲಿ ಹೇಳಿದ್ರೆ ಓಡಿಹೋಗ್ತಾಳೆ. ನೀರಿನ ಮೇಲೆ ಯಾರ ಮನೆಯೂ ಅಲ್ವಲ್ಲ ಅಕ್ಕ.” ದಾರಿಯಲ್ಲಿ ಹೇಳುವುದು, ಕೊನೆಯ ಬಂದರಿನಿಂದ ಪೀಪಿ ಅವರ ಜೊತೆ. ಹೇಳುವವಳು ನಾನು.

ಟಿ.ಸಿ. ಬ್ಯಾಗಿನ ಒಳಜಿಪ್ಪಿನಲ್ಲಿದೆ.

ಮೇ 5, ಮಧ್ಯಾಹ್ನ 3

ವಿಮಾನ ಇಳಿದು ನಿನ್ನೆ ಹಡಗು ಹತ್ತಿದೆವು. ಬರೆಯಲು ಪುರುಸೊತ್ತಾಗಲಿಲ್ಲ. ಹಡಗು ನೋಡಿ ಪೀಪಿ, “ಅಪಾರ್ಟ್‌ಮೆಂಟು ಸ್ನಾನಕ್ಕಿಳಿದ ಹಾಗಿದೆ” ಎಂದಳು. ಲೈಫ್ ಜಾಕೆಟ್ ಡ್ರಿಲ್ಲಿನಲ್ಲಿ ಇಬ್ಬರು ಅಜ್ಜಿಯರಿಗೆ ಪಟ್ಟಿ ಕಟ್ಟಿಕೊಟ್ಟಳು. ನಾವಿಬ್ಬರು ಒಂದು ಕ್ಯಾಬಿನ್, ಎದುರಿಗೆ ತಂಗಿ ಮತ್ತು ಅವಳ ಗಂಡ.

ಗಂಡ ಬೇಕರಿ ಇಟ್ಟವರು. ದಪ್ಪ ಕೈ, ಮೆತ್ತನೆ ಮಾತು. ಊಟದ ಹಾಲಿನಲ್ಲಿ ಬ್ರೆಡ್ ಒತ್ತಿ ನೋಡಿ, “ಇದಕ್ಕೆ ಇನ್ನೂ ಒಂದು ಗಂಟೆ ನಿದ್ದೆ ಬೇಕಿತ್ತು ಅತ್ತಿಗೆ, ಎಬ್ಬಿಸಿಬಿಟ್ಟಿದಾರೆ” ಎಂದರು. ಪೀಪಿ ಕಿಸಕ್ಕನೆ ನಕ್ಕಳು. ಅವರನ್ನು ದ್ವೇಷಿಸಬೇಕೆಂದು ಬಂದಿದ್ದೆ. ಆಗುತ್ತಿಲ್ಲ, ಅದೇ ತೊಂದರೆ.

ತಂಗಿಯನ್ನು ಪೀಪಿ ಕರೆಯುವುದು ‘ಫೋನಮ್ಮ’. ಭಾನುವಾರಕ್ಕೊಮ್ಮೆ ಫೋನಿನಲ್ಲಿ ಬರುವ ಅಮ್ಮ. ಇವತ್ತು ಫೋನಮ್ಮ ಸೇಬು ಹೆಚ್ಚಿ ಮುಂದಿಟ್ಟಳು. ಪೀಪಿ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದಳು. ಸಿಪ್ಪೆ ತೆಗೆದು ಕೊಟ್ಟೆ. ತಂಗಿ ಚಾಕು ಒರೆಸುತ್ತ ಕೂತಳು, ತುಂಬಾ ಹೊತ್ತು.

ನನಗೆ ಖುಷಿಯಾಯಿತು. ಬರೆಯಲೇಬೇಕು. ಖುಷಿಯಾಯಿತು.

ಮೇ 6, ಸಂಜೆ

ಮೊದಲ ಬಂದರು. ಮೀನು ಹರಾಜಿನ ಶೆಡ್ಡು, ಒದ್ದೆ ನೆಲ, ರಬ್ಬರ್ ಬೂಟಿನವರ ಕೂಗಾಟ. ದಕ್ಕೆಯ ಮೆಟ್ಟಿಲ ಮೇಲೆ ಮೂರು ಸೀಲ್‌ಗಳು ಬಿದ್ದುಕೊಂಡಿದ್ದವು, ಮೂಟೆ ಇಳಿಸಿ ಸುಸ್ತಾದ ಹಮಾಲರ ಹಾಗೆ. ಹಡಗಿನಲ್ಲಿ ಪ್ರಾಣಿಗಳ ಬಗ್ಗೆ ಹೇಳಿಕೊಡಲು ಒಬ್ಬರಿದ್ದಾರೆ, ಬಿಳಿ ಗಡ್ಡದವರು. ಪೀಪಿ ಅವರಿಗೆ ‘ಪ್ರಾಣಿ ಮೇಷ್ಟ್ರು’ ಎಂದು ಹೆಸರಿಟ್ಟು ಬಾಲದಂತೆ ಹಿಂದೆ ಹಿಂದೆ. “ಮೇಷ್ಟ್ರೇ, ಇವು ಸ್ನಾನ ಮಾಡಿದ ಮೇಲೆ ಮೈ ಒರೆಸಿಕೊಳ್ಳೋದು ಹೇಗೆ?” ಅವರು ನಿಜಕ್ಕೂ ಯೋಚಿಸಿ ಉತ್ತರ ಕೊಟ್ಟರು.

ಇವತ್ತು ಹೇಳುವುದೆಂದು ಮಾತಾಗಿತ್ತು. ಹಗ್ಗ ಸುತ್ತಿಟ್ಟಿದ್ದ ಕಡೆ ತಂಗಿ ಹತ್ತಿರ ಬಂದು, “ಹೇಳಿದ್ಯಾ ಅಕ್ಕ?”

“ಸೀಲ್ ನೋಡಿ ಖುಷೀಲಿದಾಳೆ. ಹಾಳು ಮಾಡೋದು ಬೇಡ. ನಾಳೆ.”

“ನಿನ್ನೆನೂ ನಾಳೆ ಅಂದಿದ್ದೆ.”

ಜೋರು ಮಾಡಲಿಲ್ಲ. ಅವಳು ಜೋರು ಮಾಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಮೇ 8, ಬೆಳಿಗ್ಗೆ 11

ನಿನ್ನೆಯಿಡೀ ವಾಂತಿ. ಸಮುದ್ರ ಎದ್ದಿತ್ತು. ನೀರು ಕುಡಿದರೂ ನಿಲ್ಲದು. ಪೀಪಿಯನ್ನು ಎದುರಿನ ಕ್ಯಾಬಿನ್ನಿನವರೇ ನೋಡಿಕೊಂಡರು.

ಬೆಳಿಗ್ಗೆ ಸ್ಪೀಕರಿನಲ್ಲಿ ಪ್ರಾಣಿ ಮೇಷ್ಟ್ರ ದನಿ — ಎಡಗಡೆ ತಿಮಿಂಗಿಲ, ಎಲ್ಲರೂ ಮೇಲಿನ ಡೆಕ್ಕಿಗೆ ಬನ್ನಿ. ಎದ್ದೆ. ಗೋಡೆಯ ಕಂಬಿ ಹಿಡಿದು ಹಿಡಿದು ಮೂರು ಮಹಡಿ ಹತ್ತಿದೆ. ಆರು ತಿಂಗಳಿಂದ ಅವಳಿಗೆ ಹೇಳಿದ್ದೆ, ಮೊದಲನೇ ತಿಮಿಂಗಿಲ ಇಬ್ಬರೂ ಒಟ್ಟಿಗೇ ನೋಡೋಣ ಎಂದು. ಡೆಕ್ಕಿನ ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಕಟಕಟೆಯ ಹತ್ತಿರ ಇಬ್ಬರ ಬೆನ್ನು. ಪೀಪಿ ತಂಗಿಯ ಕೋಟಿನ ತೋಳು ಹಿಡಿದು ಜಗ್ಗುತ್ತಿದ್ದಳು.

“ಅಮ್ಮಾ! ಅಲ್ಲಿ, ಅಲ್ಲಿ! ಅಮ್ಮಾ, ನೋಡು!”

ಫೋನಮ್ಮ ಅಲ್ಲ. ಬರೀ ಅಮ್ಮ.

ಎಲ್ಲರೂ ಹೋ ಎಂದರು. ನಾನು ನೀರಿನ ಕಡೆ ನೋಡಲೇ ಇಲ್ಲ. ಬಾಗಿಲು ದೂಡದೆ ವಾಪಸ್ ಇಳಿದೆ.

ಅದೇ ದಿನ, ಸಂಜೆ 5

ನಾನು ಮಾಡಬಾರದ್ದು ಮಾಡಿದೆ.

ಪೀಪಿ ಓಡಿ ಬಂದಳು, ಕೆನ್ನೆ ಕೆಂಪಗೆ. “ದೊಡ್ಡಮ್ಮಾ, ಬೆನ್ನು ಅಷ್ಟೇ ಕಾಣ್ಸಿದ್ದು, ಆದ್ರೆ ಅದೇ ಬಸ್ಸಿನಷ್ಟಿತ್ತು! ಉಸಿರು ಬಿಟ್ರೆ ವಾಸನೆ, ಥೂ! ನೀನ್ಯಾಕೆ ಬರ್ಲಿಲ್ಲ? ಅಮ್ಮ ನನ್ನ ಎತ್ತಿ ಕಂಬಿ ಮೇಲಿಂದ ತೋರಿಸಿದ್ಲು.”

ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ಹಾಗೇ ಹೇಳಿದೆ. “ಈಗ ಎತ್ತಿದಾಳೆ. ನೀನು ಹುಟ್ಟಿದ ಮೇಲೆ ಹನ್ನೊಂದು ತಿಂಗಳು ನಿನ್ನ ಮುಟ್ಟಿರ್ಲಿಲ್ಲ ಅವಳು.”

ತಿರುಗಿ ನೋಡಿದೆ. ಕುರ್ಚಿಯ ಮೇಲಿದ್ದ ಒದ್ದೆ ಟವೆಲ್ಲನ್ನು ಮಡಚುತ್ತಿದ್ದಳು. ಅಂಚಿಗೆ ಅಂಚು ಸೇರಿಸಿ, ನೀಟಾಗಿ. ಇಟ್ಟು ಹೊರಗೆ ಹೋದಳು.

ವಾಂತಿ ನಿಂತಿದೆ. ಒಳಗಿದ್ದದ್ದೆಲ್ಲ ಬಂದಾಯಿತಲ್ಲ.

ಮೇ 9, ಬೆಳಿಗ್ಗೆ 10

ತಿಂಡಿ ಟೇಬಲ್ಲಿನಲ್ಲಿ ಕೇಳಿಯೇಬಿಟ್ಟಳು. ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಹೋಂವರ್ಕ್ ಕೇಳುವ ದನಿಯಲ್ಲಿ.

“ನಾನು ಪಾಪು ಇದ್ದಾಗ ನೀನು ನನ್ನ ಮುಟ್ತಿರ್ಲಿಲ್ವಂತೆ. ಹೌದಾ?”

ಬೇಕರಿಯವರ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ತಂಗಿ ನನ್ನ ಕಡೆ ಒಂದೇ ಒಂದು ಸಲ ನೋಡಿದಳು. ಆಮೇಲೆ ಪೀಪಿಯ ಕಡೆ.

“ಹೌದು. ಮುಟ್ತಿರ್ಲಿಲ್ಲ.”

“ಯಾಕೆ?”

“ಭಯ ಆಗ್ತಿತ್ತು.”

“ನನ್ನ ಕಂಡ್ರಾ?”

“ನಿನ್ನ ಕಂಡ್ರಲ್ಲ. ನನ್ನ ಕೈ ಕಂಡ್ರೆ. ಬೀಳಿಸಿಬಿಡ್ತೀನೇನೋ, ಏನಾದ್ರೂ ಮಾಡಿಬಿಡ್ತೀನೇನೋ ಅಂತ. ಹುಷಾರಿರ್ಲಿಲ್ಲ ನಂಗೆ.”

ಪೀಪಿ ಅವಳ ಎರಡೂ ಕೈ ನೋಡಿದಳು. “ಈಗ?”

“ಈಗ ಆಗಲ್ಲ.”

“ಸರಿ” ಎಂದು ಬ್ರೆಡ್ ಕಚ್ಚಿದಳು. ತಂಗಿ ಎರಡೂ ಕೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡಳು.

ಕಾರಿಡಾರಿನಲ್ಲಿ ಬೇಕರಿಯವರು ನನ್ನನ್ನು ನಿಲ್ಲಿಸಿದರು. “ಅತ್ತಿಗೆ, ಆ ಮಾತು ಬಾಯಿಬಿಟ್ಟು ಹೇಳೋಕೆ ಅವಳು ಆರು ವರ್ಷ ಡಾಕ್ಟರ ಹತ್ರ ಓಡಾಡಿದಾಳೆ. ನೀವು ತಿಂಡಿ ಟೇಬಲ್ಲಲ್ಲಿ ಹೇಳಿಸಿಬಿಟ್ರಿ.” ಬೈಯುವ ದನಿಯೂ ಅಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮಧ್ಯಾಹ್ನ 2

ತಂಗಿ ಬಂದಳು. ಮಂಚದ ತುದಿಯಲ್ಲಿ ಕೂತಳು, ಚಿಕ್ಕಂದಿನಲ್ಲಿ ಪೆಟ್ಟು ತಿಂದು ಬಂದು ಕೂರುತ್ತಿದ್ದ ಹಾಗೆ. ಕ್ಷಮಿಸು ಎನ್ನಲು ಬಾಯಿ ತೆಗೆದೆ. ಅವಳೇ ಮೊದಲು ಮಾತಾಡಿದಳು.

“ನಿಂಗೆ ಆಗಲ್ಲ ಅಂದ್ರೆ ಹೇಳಿಬಿಡು ಅಕ್ಕ. ವಾಪಸ್ ನಿನ್ನ ಜೊತೇನೇ ಕರ್ಕೊಂಡ್ಹೋಗು. ಜಗಳ ಆಡಲ್ಲ. ನಿನ್ನ ಮುಂದೆ ಅಳೋದೂ ಇಲ್ಲ.”

ಅವಳು ಎದ್ದು ಹೋದಳು.

ಅಂದರೆ ಈಗ ಪೂರ್ತಿ ನನ್ನ ಕೈಯಲ್ಲಿದೆ. ಒಂದು ಮಾತು ಸಾಕು. ಪೀಪಿ ನನ್ನವಳು, ಸ್ಕೂಲಿಗೆ ಟಿ.ಸಿ. ವಾಪಸ್ ಕೊಟ್ಟರಾಯಿತು.

ಒಂದೇ ಮಾತು...

ಮೇ 10, ಸಂಜೆ 6

ಹೇಳಿದೆ.

ದ್ವೀಪ. ರಬ್ಬರ್ ದೋಣಿಯಲ್ಲಿ ಹದಿನಾಲ್ಕು ಹದಿನಾಲ್ಕು ಜನರನ್ನು ಇಳಿಸಿದರು. ಎದುರಿಗೆ ಬಂಡೆಯ ಗೋಡೆ, ಅದರ ತುಂಬ ಹಕ್ಕಿ, ಸಂತೆಯ ಗದ್ದಲ. ಎಲ್ಲರೂ ಮೇಷ್ಟ್ರ ಹಿಂದೆ ಹೋದರು. ನಾನು ಪೀಪಿಯನ್ನು ನಿಲ್ಲಿಸಿಕೊಂಡು ಗುಂಡುಕಲ್ಲುಗಳ ಮೇಲೆ ಕೂತೆ. ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಅಮ್ಮನ ಬಗ್ಗೆ ಹಾಗೆ ಹೇಳಿದ್ದು ಹೊಟ್ಟೆಕಿಚ್ಚಿನಿಂದ ಎಂದೆ. ಆಮೇಲೆ, “ಪೀಪಿ, ಇನ್ಮೇಲೆ ನೀನು ಅಮ್ಮನ ಮನೇಲಿ...”

“ಗೊತ್ತು.”

“ಏನು ಗೊತ್ತು?”

“ಟಿ.ಸಿ. ನೋಡಿದೆ. ಮನೇಲೇ. ನಿನ್ನ ಬ್ಯಾಗಲ್ಲಿ ಪೆನ್ಸಿಲ್ ಹುಡುಕ್ತಿದ್ದೆ.”

“ಮತ್ತೆ ಯಾಕೆ ಕೇಳ್ಲಿಲ್ಲ ಚಿನ್ನ?”

“ನೀನು ದಿನಾ ಏನೋ ಹೇಳೋಕೆ ಬರ್ತಿದ್ದೆ, ಹೇಳ್ತಿರ್ಲಿಲ್ಲ. ನೀನು ಮನಸ್ಸು ಬದಲಾಯಿಸ್ತಿದೀಯ ಅಂದ್ಕೊಂಡೆ. ಕೇಳಿದ್ರೆ ಎಲ್ಲಿ ನೆನಪಾಗಿಬಿಡತ್ತೋ ಅಂತ ಸುಮ್ನಿದ್ದೆ.”

ಆರು ದಿನ. ನಾನು ನಾಳೆ ನಾಳೆ ಎಂದ ಒಂದೊಂದು ದಿನವೂ ಮಗು ಒಳಗೊಳಗೇ ಆಸೆ ಕಟ್ಟುತ್ತಿತ್ತು. ದಯೆ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ ನಾನು.

“ನಾನೇನಾದ್ರೂ ತಪ್ಪು ಮಾಡಿದ್ನಾ?”

ಇಲ್ಲ ಎಂದೆ. ಎಷ್ಟು ಸಲ ಎಂದೆನೋ.

“ನಾನು ಹೋಗಲ್ಲ ಅಂದ್ರೆ?”

ಇಲ್ಲೇ. ಇಲ್ಲೇ ಹೇಳಬಹುದಿತ್ತು. ಬೇಡ ಬಿಡು, ಮನೆಗೆ ಹೋಗೋಣ ಎಂದು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಿನ್ನೆ ಮೇಜಿನ ಕೆಳಗೆ ಇಳಿದ ಆ ಎರಡು ಕೈ ಕಣ್ಣಮುಂದೆ ಬಂದವು. ನಿಜ ಹೇಳಿದವಳ ಕೈ. ಸುಳ್ಳು ಹೇಳಲು ಅವಳಿಗೂ ಅವಕಾಶವಿತ್ತು. ಅಂಥ ತಾಯಿಯಿಂದ ಇವಳನ್ನು ಬಿಡಿಸಿಟ್ಟುಕೊಂಡರೆ ನಾಳೆ ಇಪ್ಪತ್ತರ ಪೀಪಿ ಯಾಕೆ ಎಂದು ನನ್ನನ್ನು ಕೇಳುತ್ತಾಳೆ. ಅವಳು ಕೇಳದಿದ್ದರೂ ನಾನು ಕೇಳಿಕೊಳ್ಳುತ್ತೇನೆ.

“ಅಮ್ಮ ನಿಂಗೋಸ್ಕರ ಹುಷಾರಾಗಿದಾಳೆ. ಹೋಗ್ಬೇಕು ಪೀಪಿ. ಪ್ರತಿ ರಜಕ್ಕೂ ನನ್ನ ಹತ್ರ.”

ಅಳಲಿಲ್ಲ. ಒಂದು ಕಲ್ಲು ಎತ್ತಿ ನೀರಿಗೆಸೆದಳು. ಇನ್ನೊಂದು. ಮೇಷ್ಟ್ರು ದೂರದಿಂದ ಕೈಬೀಸಿ ಕರೆದರು, ಯಾವುದೋ ಅಪರೂಪದ ಹಕ್ಕಿ. ಪೀಪಿ ಬೈನಾಕ್ಯುಲರ್ ಕತ್ತಿನಿಂದ ತೆಗೆದು ನನ್ನ ಮಡಿಲಲ್ಲಿಟ್ಟಳು.

“ನಂಗೆ ಬೇಡ” ಎಂದಳು. ಹಕ್ಕಿಯೋ, ನಾನೋ, ಹೇಳಲಿಲ್ಲ.

ಮೇ 12, ಮಧ್ಯಾಹ್ನ

ನಿನ್ನೆ ನನ್ನ ಜೊತೆ ಒಂದು ಮಾತೂ ಇಲ್ಲ. ದಿಂಬು ಹೊತ್ತುಕೊಂಡು ಎದುರಿನ ಕ್ಯಾಬಿನ್ನಿಗೆ ಹೋದಳು. ಹಡಗು ಇನ್ನೊಂದು ಬಂದರಿನಲ್ಲಿ ನಿಂತಿತ್ತು. ನಾನು ಇಳಿಯಲಿಲ್ಲ.

ಇವತ್ತು ತಂಗಿ ಬಾಗಿಲು ತಟ್ಟಿದಳು. ಕೈಯಲ್ಲಿ ಬಾಚಣಿಗೆ, ಹಿಂದೆ ಪೀಪಿ, ತಲೆ ಕಾಗೆ ಗೂಡು. “ಗಾಳಿಗೆ ಸಿಕ್ಕಾಗಿದೆ. ನಾನು ಬಾಚಿದ್ರೆ ಕಿರುಚ್ತಾಳೆ. ನೀನು ಹೇಗೆ ಬಿಡಿಸ್ತೀಯ, ತೋರಿಸು ಅಕ್ಕ.”

ಪೀಪಿಯನ್ನು ಸ್ಟೂಲಿನ ಮೇಲೆ ಕೂರಿಸಿದೆ. “ಬುಡದಿಂದ ಎಳೀಬಾರ್ದು. ತುದಿಯಿಂದ ಶುರುಮಾಡು. ಮೇಲೆ ಗಟ್ಟಿಯಾಗಿ ಹಿಡ್ಕೊ, ಆಗ ನೋವಾಗಲ್ಲ.” ಬಾಚಣಿಗೆ ಅವಳಿಗೆ ಕೊಟ್ಟೆ. ನಾನು ಕೂದಲು ಹಿಡಿದೆ, ಅವಳು ಬಿಡಿಸಿದಳು. ಒಂದೊಂದೇ ಎಳೆ.

“ನೋವಾಗ್ತಿದ್ಯಾ?” ತಂಗಿ.

“ಇಲ್ಲ” ಎಂದಳು ಪೀಪಿ. ಆಮೇಲೆ ಅಳತೊಡಗಿದಳು. ದೊಡ್ಡ ದನಿಯಲ್ಲಿ, ಕೂಸಿದ್ದಾಗಿನ ಹಾಗೆ. ಇಬ್ಬರೂ ಕೂದಲು ಬಿಡಲಿಲ್ಲ. ಇಬ್ಬರೂ ಅತ್ತೆವು.

ಮೇ 13, ಬೆಳಿಗ್ಗೆ 9.40, ಬಂದರಿನ ವೇಟಿಂಗ್ ಹಾಲ್

ಸೂಟ್‌ಕೇಸುಗಳಿಗೆ ಬಣ್ಣದ ಚೀಟಿ. ಅವರದು ಹಳದಿ, ನನ್ನದು ಹಸಿರು. ಪೀಪಿಯ ಪೆಟ್ಟಿಗೆಗೆ ಹಸಿರು ಕಟ್ಟಿದ್ದರು. ಬೇಕರಿಯವರು ಬಿಚ್ಚಲು ಹೋಗಿ, ಕೈ ಹಿಂದೆ ತೆಗೆದುಕೊಂಡು ನನ್ನ ಮುಖ ನೋಡಿದರು. ನಾನೇ ಬಿಚ್ಚಿದೆ. ಟಿ.ಸಿ. ತಂಗಿಗೆ ಕೊಟ್ಟೆ. ಕೆಮ್ಮಿನ ಔಷಧಿ ಯಾವುದು, ಯಾವುದು ಆಗಿಬರುವುದಿಲ್ಲ — ಎಲ್ಲಾ ಹೇಳಿದೆ. ಹೇಳಿದ್ದನ್ನೇ ಹೇಳಿದೆ.

ಪೀಪಿ ನನ್ನ ಸೊಂಟ ತಬ್ಬಿ ಹೊಟ್ಟೆಗೆ ಮುಖ ಒತ್ತಿದಳು. “ದೊಡ್ಡಮ್ಮ, ಟಾಟಾ ಮಾಡ್ಬೇಡ. ಮಾಡಿದ್ರೆ ನಾನು ವಾಪಸ್ ಓಡಿಬರ್ತೀನಿ.”

ಮಾಡಲಿಲ್ಲ. ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿ ಮುಷ್ಟಿ ಮಾಡಿಟ್ಟುಕೊಂಡೆ. ತಂಗಿ ತಿರುಗಿ ನೋಡಿದಳು. ಬೇಕರಿಯವರು ಮೂರು ಸಲ ನೋಡಿದರು. ಪೀಪಿ ನೋಡಲಿಲ್ಲ.

ಮಾಡಬೇಕಿತ್ತೇನೋ.

ಮೇ 19, ಸಂಜೆ

ಕನ್ನಡಕದ ಅಂಗಡಿಯಿಂದ ಫೋನ್. ಹೊರಡುವ ವಾರ ಆರ್ಡರ್ ಕೊಟ್ಟಿದ್ದೆ, ಮರೆತೇಹೋಗಿತ್ತು. ಪೀಪಿಯ ಮೊದಲನೇ ಕನ್ನಡಕ. ಬೋರ್ಡ್ ಮಸುಕು ಕಾಣತ್ತೆ ಎಂದಿದ್ದಳು. ನೀಲಿ ಫ್ರೇಮು, ಅವಳೇ ಹಠ ಮಾಡಿ ಆರಿಸಿದ್ದು. ಲ್ಯಾಬಿನಿಂದ ನೇರ ಹೋದೆ.

ಅಂಗಡಿಯವರು ಬೆಳಕಿಗೆ ಹಿಡಿದು, ಒರೆಸಿ, ನನ್ನ ಹಿಂದೆ ಮುಂದೆ ನೋಡಿದರು. “ಮಗಳನ್ನ ಕರ್ಕೊಂಡು ಬರ್ಲಿಲ್ವಾ? ಕಿವಿ ಹಿಂದೆ ಬಗ್ಗಿಸಿ ಕೂರಿಸ್ಬೇಕು. ಇಲ್ದಿದ್ರೆ ಜಾರತ್ತೆ.”

“ಊರಲ್ಲಿಲ್ಲ.”

“ಪರವಾಗಿಲ್ಲ, ನನ್ನ ಹತ್ರಾನೇ ಇರ್ಲಿ. ಯಾವತ್ತು ಬರ್ತಾಳೆ ವಾಪಸ್ಸು?”

ಡಬ್ಬಿಯ ಚೀಟಿಯ ಮೇಲೆ ತಾರೀಖು ಬರೆಯಲು ಪೆನ್ನಿಟ್ಟುಕೊಂಡು ಕಾಯುತ್ತಿದ್ದರು. ನನ್ನ ಹಿಂದೆ ಇನ್ನಿಬ್ಬರು ನಿಂತಿದ್ದರು. ಹೇಳಬೇಕಿತ್ತು, ಅಷ್ಟೇ. ಅವಳು ಇನ್ನು ಇಲ್ಲಿರುವುದಿಲ್ಲ ಎಂದು. “ದಸರಾ ರಜಕ್ಕೆ” ಎಂದೆ.